ವಿದ್ಯಾರ್ಥಿಯೂ ಮಾರ್ಗದರ್ಶಕನೂ

ವಿದ್ಯಾಶಾಲೆಯು ಬಾಲಕರಿಗೆ ಹಲವು ವಿಷಯಗಳನ್ನು ಕಲಿಸುತ್ತದೆ. ಕಲಿತುದನ್ನು ಪರೀಕ್ಷೆಯಿಂದ ಅಳೆಯುತ್ತದೆ. ಆದರೆ ಒಬ್ಬ ವಿದ್ಯಾರ್ಥಿಯಲ್ಲಿ ಅಡಗಿರುವ ವಿಶೇಷ ಶಕ್ತಿ ಯಾವುದು, ಅದು ಯಾವ ದಾರಿಯಲ್ಲಿ ಬೆಳೆಯಬೇಕು ಎಂಬುದಕ್ಕೆ ಪ್ರಶ್ನಪತ್ರಿಕೆಯಲ್ಲಿ ಸ್ಥಳವಿಲ್ಲ. ಅದನ್ನು ವಿಚಾರಿಸುವ ಹಿರಿಯರೊಬ್ಬರು ಪಾಠದ ಜೊತೆಗೇ ಬೇಕು. ಅವರ ಕಾರ್ಯವೆಂತಹುದೆಂಬುದನ್ನು ಮೈಸೂರಿನದೇ ಒಂದು ನಿದರ್ಶನದಿಂದ ನಾವು ತಿಳಿಯಬಹುದು.

ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಕೆ. ವಿ. ಪುಟ್ಟಪ್ಪನವರು ಮೊದಲು ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಿಕೆಯೂ ಅಚ್ಚಾಗಿತ್ತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ ಈ ತರುಣರು ತಮ್ಮ ಕವಿತೆಗಳನ್ನು ಅವರಿಗೆ ತೋರಿಸಿದರು. ಕಸಿನ್ಸರು ಬರಿಯ ಹೊಗಳಿಕೆಯಿಂದ ಅವರನ್ನು ಬೀಳ್ಕೊಡಲಿಲ್ಲ. ಮಾತೃಭಾಷೆಯಲ್ಲಿ ಬರೆಯಿರಿ ಎಂದು ಹೇಳಿದರು. ಆ ಮಾತು ತತ್ಕ್ಷಣ ರುಚಿಸಲಿಲ್ಲ, ಆದರೂ ಫಲಿಸಿತು.

ಒಂದು ಹಿತವಚನವು ದಾರಿಯನ್ನು ತೋರಬಲ್ಲುದು. ಆ ದಾರಿಯಲ್ಲಿ ನಡೆಯುವುದಕ್ಕೆ ಜೊತೆಯೂ ಅವಶ್ಯಕ. ಅದನ್ನು ಮಹಾರಾಜಾ ಕಾಲೇಜಿನ ಕನ್ನಡ ಅಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರು ಒದಗಿಸಿದರು. ತಾವು ಬರೆದುದಕ್ಕಿಂತ ಇತರರಿಂದ ಬರೆಯಿಸಿದುದೇ ಹೆಚ್ಚೆಂದು ಅವರು ಖ್ಯಾತರು. 1939ರಲ್ಲಿ ಅವರು ತೀರಿಕೊಂಡರು. ಹತ್ತು ವರ್ಷಗಳ ಮೇಲೆ ಪ್ರಕಟವಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಶಿಷ್ಯರು ಅವರಿಗೇ ಅರ್ಪಿಸಿದರು.

ಇದರಿಂದ ನಮಗೆ ತಿಳಿಯುವುದೇನು? ಮಾರ್ಗದರ್ಶಕನು ವಿದ್ಯಾರ್ಥಿಯ ಕೆಲಸವನ್ನು ಮೊದಲು ಗಮನವಿಟ್ಟು ನೋಡಬೇಕು. ಅಪ್ರಿಯವಾದರೂ ನಿಜವನ್ನು ಮೃದುವಾಗಿ ಹೇಳಬೇಕು. ಹೇಳಿದ ಮೇಲೆ ಕೈಬಿಡದೆ ಕಾದಿರಬೇಕು. ತನ್ನ ಕೈಗೂಡದ ಆಸೆಯನ್ನು ಹುಡುಗನ ಹೆಗಲಿಗೆ ಏರಿಸುವುದು ಮಾರ್ಗದರ್ಶನವಲ್ಲ. ಕಸಿನ್ಸರು ತಮ್ಮ ಭಾಷೆಯಲ್ಲೇ ಬರೆಯುತ್ತಿದ್ದ ತರುಣರನ್ನು ಅವರ ಸ್ವಂತ ಭಾಷೆಯ ಕಡೆಗೆ ತಿರುಗಿಸಿದರೆಂಬುದನ್ನು ನಾವು ಮರೆಯಬಾರದು.

ಇಷ್ಟಕ್ಕೆ ಕಾಲಾವಕಾಶ ಬೇಕು. ಅರುವತ್ತು ಮಕ್ಕಳ ತರಗತಿಯನ್ನು ನಡೆಸುವ ಉಪಾಧ್ಯಾಯರೊಬ್ಬರಿಂದಲೇ ಇದೆಲ್ಲವನ್ನೂ ನಿರೀಕ್ಷಿಸುವುದು ನ್ಯಾಯವಲ್ಲ. ವಕೀಲರು, ವೈದ್ಯರು, ವರ್ತಕರು, ವಿಶ್ರಾಂತಿ ಪಡೆದ ಅಧಿಕಾರಿಗಳು ಇವರೆಲ್ಲರೂ ಈ ಭಾರದಲ್ಲಿ ಪಾಲುಗೊಳ್ಳಬಹುದು. ಕಸಿನ್ಸರಾದರೂ ಆ ತರುಣರಿಗೆ ತರಗತಿಯ ಗುರುಗಳಾಗಿರಲಿಲ್ಲವಷ್ಟೆ.

ನೆರೆಮನೆಯ ಹುಡುಗನನ್ನೋ ಹುಡುಗಿಯನ್ನೋ ಕಂಡಾಗ ಎಷ್ಟು ಅಂಕ ಬಂದಿತೆಂದು ನಾವೆಲ್ಲರೂ ಕೇಳುತ್ತೇವೆ. ಯಾರೂ ಹೇಳದಿದ್ದರೂ ನೀನಾಗಿ ಮಾಡುವ ಕೆಲಸ ಯಾವುದೆಂದು ಇನ್ನು ಮೇಲೆ ಕೇಳೋಣ. ಉತ್ತರ ಬರುವವರೆಗೆ ಸಾವಧಾನದಿಂದ ಕುಳಿತಿರೋಣ.