ಸೈಟು ಮಾರುವ ಕಾರ್ಡು

ಬೆಳಗಿನ ಜಾವ ಆರ್.ಟಿ. ನಗರದಲ್ಲೋ ಯಲಹಂಕದ ಹಳೇ ಪೇಟೆಯಲ್ಲೋ ಬಾಗಿಲು ತೆರೆಯದ ಅಂಗಡಿಗಳ ಜಗಲಿ ನೋಡಬೇಕು. ಪೇಪರ್ ಹಾಕುವ ಹುಡುಗರು ಕುಕ್ಕರುಗಾಲಲ್ಲಿ ಕೂತು ಪುರವಣಿ ಸೇರಿಸುತ್ತಿರುತ್ತಾರೆ. ಪಕ್ಕದಲ್ಲೇ ಬಣ್ಣದ ಪಾಂಪ್ಲೆಟ್ಟುಗಳ ಕಟ್ಟು. ಭಾನುವಾರವಾದರೆ ಎರಡು ಮೂರು ಬಗೆಯವು, ಹೆಚ್ಚಿನವು ಸೈಟಿನವೇ. 30×40, ಏರ್‌ಪೋರ್ಟಿಗೆ ಹದಿನೈದೇ ನಿಮಿಷ, ಬ್ಯಾಂಕ್ ಲೋನ್ ಉಂಟು. ಕೆಳಗೊಂದು ನಕ್ಷೆ: ಹೆಬ್ಬಾಳ ಫ್ಲೈಓವರ್, ವಿಮಾನ ನಿಲ್ದಾಣ, ಲೇಔಟು ಮೂರೂ ಬೆರಳಗಲದೊಳಗೆ. ಹೆಬ್ಬಾಳದ ಟ್ರಾಫಿಕ್ಕಿಗೆ ಅದರಲ್ಲಿ ಜಾಗವಿಲ್ಲ.

ಅಮೆರಿಕದಲ್ಲಿ ಈ ಕೆಲಸ ಬಹುಮಟ್ಟಿಗೆ ಅಂಚೆಯದು. ಏಜೆಂಟರು ಒಂದು ಬಡಾವಣೆಯನ್ನು ಆರಿಸಿಕೊಂಡು ಅಲ್ಲಿನ ಮನೆಗಳಿಗೆ ಪದೇಪದೇ ಕಾರ್ಡು ಕಳಿಸುತ್ತಾರೆ, ನಿಮ್ಮ ಬೀದಿಯ ಇಂಥ ಮನೆ ಮಾರಾಟವಾಯಿತು ಎಂದು. 2011ರಲ್ಲಿ ಅಲ್ಲಿನ ಅಂಚೆ ಇಲಾಖೆ ಹೆಸರು, ವಿಳಾಸವನ್ನೂ ಬರೆಯಬೇಕಿಲ್ಲದ ಸೇವೆ ತಂದಿತು. ನಮ್ಮಲ್ಲಿ ಅಂಚೆಗೇನು ಕೊರತೆ? ಚಿಕ್ಕದೇವರಾಜ ಒಡೆಯರು 1672ರಲ್ಲೇ ಅಂಚೆ ವ್ಯವಸ್ಥೆ ಕಟ್ಟಿದ ನಾಡು ಇದು. 1879ರ ಜುಲೈ 1ರಂದು ಕಾಲಾಣೆಯ ಕಾರ್ಡು ಭಾರತಕ್ಕೆ ಬಂತು, ಹತ್ತು ವರ್ಷಕ್ಕೆ ಮೈಸೂರು ಅಂಚೆ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು. ಆದರೂ ಸೈಟು ಮಾರುವವರ ಕೈಗೆ ಕಾರ್ಡು ಹತ್ತಲಿಲ್ಲ.

ಅದಕ್ಕೆ ನೇರ ಕಾರಣ ದರ. ಕೈಯಲ್ಲಿ ಬರೆದ ಕಾರ್ಡಿಗೆ ಐವತ್ತು ಪೈಸೆ, ಅದನ್ನೇ ಅಚ್ಚು ಹಾಕಿಸಿದರೆ ಆರು ರೂಪಾಯಿ. ಸಾವಿರ ಮನೆಗೆಂದರೆ ಅಂಚೆಗೇ ಆರು ಸಾವಿರ. 2002ರಲ್ಲಿ ಬಂದ ಮೇಘದೂತ ಕಾರ್ಡಿನಲ್ಲಿ ಲೆಕ್ಕ ತಿರುಗುಮುರುಗು: ವಿಳಾಸದ ಬದಿಯಲ್ಲಿ ಯಾರದೋ ಜಾಹೀರಾತು, ಬರೆಯುವವನಿಗೆ ಇಪ್ಪತ್ತೈದೇ ಪೈಸೆ. ಆದರೆ ಆ ಕಾರ್ಡು ಎಲ್ಲಿಗೆ ಹೋಗುತ್ತದೆಂಬುದು ಜಾಹೀರಾತುದಾರನ ಕೈಯಲ್ಲಿರಲಿಲ್ಲ. ಸೈಟು ಮಾರುವವನಿಗೆ ಬೇಕಾದದ್ದು ಅದೊಂದೇ. 2005ರಲ್ಲಿ ಅಂಚೆ ಇಲಾಖೆ ‘ಡೈರೆಕ್ಟ್ ಪೋಸ್ಟ್’ ತಂದಿತು. ವಿಳಾಸವಿಲ್ಲದ ಕಾಗದವನ್ನು ಪೋಸ್ಟ್‌ಮನ್ ಮನೆಮನೆಗೆ ಹಂಚುವ ಏರ್ಪಾಡು. ಅಷ್ಟು ಹೊತ್ತಿಗೆ ಪಾಂಪ್ಲೆಟ್ಟಿನವರು ಬೀದಿ ಹಿಡಿದಾಗಿತ್ತು.

ಹಾಗೆಂದು ಬೆಂಗಳೂರಿನ ಸೈಟಿಗೂ ಅಂಚೆಗೂ ನಂಟಿಲ್ಲವೆಂದಲ್ಲ. ಸೈಟಿನ ವಿಷಯ ಅಂಚೆಯಲ್ಲಿ ಬಂದರೇ ನಿಜ ಎನ್ನುವ ಕಾಲವಿತ್ತು. ಸೈಟು ಹಂಚಲು ಮೊದಲು 1945ರ ಸಿಐಟಿಬಿ, 1976ರಲ್ಲಿ ಬಂದ ಬಿಡಿಎ, ಆಮೇಲೆ ಊರ ತುಂಬ ಹುಟ್ಟಿಕೊಂಡ ಗೃಹ ನಿರ್ಮಾಣ ಸಹಕಾರ ಸಂಘಗಳು. ಇವುಗಳ ಹಂಚಿಕೆ ಪತ್ರ, ಬಾಕಿ ಕಂತಿನ ನೋಟಿಸು, ಸರ್ವ ಸದಸ್ಯರ ಸಭೆಯ ತಿಳಿವಳಿಕೆ ಎಲ್ಲಕ್ಕೂ ಪೋಸ್ಟ್‌ಮನ್ ದಾರಿ ಕಾಯಬೇಕಿತ್ತು. ಉತ್ತರ ಬರೆದವರು ಕಳಿಸಿದ್ದಕ್ಕೆ ಸಾಕ್ಷಿಯಾಗಿ ಅದನ್ನು ‘ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್’ ಮಾಡಿಸುತ್ತಿದ್ದರು. ಬಿಳಿ ಚೀಟಿಯ ಮೇಲೆ ವಿಳಾಸ ಬರೆದು, ಸ್ಟಾಂಪು ಅಂಟಿಸಿ, ಕೌಂಟರಿನಲ್ಲಿ ಗುಂಡನೆಯ ಮೊಹರು ಹೊಡೆಸಿಕೊಂಡು ಬಂದು ಕ್ರಯಪತ್ರದ ಫೈಲಿಗೇ ಸೇರಿಸುವುದು. ಆ ಸೌಲಭ್ಯ 2011ರ ಜನವರಿಗೆ ನಿಂತಿತು. ಹಳೆಯ ಫೈಲುಗಳಲ್ಲಿ ಆ ಚೀಟಿಗಳು ಇನ್ನೂ ಸಿಗುತ್ತವೆ, ಗುಂಡುಪಿನ್ನಿನ ತುಕ್ಕು ಸಮೇತ.

ಕಾರ್ಡಿನ ಬೆಲೆ ನಿಜವಾಗಿ ತಿಳಿಯುವುದು ಕೊಳ್ಳುವವರ ಕಡೆಯಿಂದಲ್ಲ, ಮಾರಬಲ್ಲವರ ಕಡೆಯಿಂದ. 2008ರ ಮೇ 24ಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಯಲಹಂಕದ ಸುತ್ತ ಸೈಟು ಮಾಡಿಟ್ಟವರು ಎಷ್ಟೋ ಜನ. ಸೈಟು ಇಲ್ಲಿ, ಯಜಮಾನರು ಜಯನಗರದಲ್ಲೋ ನ್ಯೂಜೆರ್ಸಿಯಲ್ಲೋ. ಪಾರ್ಥೇನಿಯಂ ಬೆಳೆದ ಸೈಟಿನಲ್ಲಿ ತಗಡಿನ ಬೋರ್ಡು: ‘ಈ ಸೈಟು ಮಾರಾಟಕ್ಕಿಲ್ಲ’. ಯಾರಾದರೂ ತಮ್ಮದೆಂದು ಮಾರಿಬಿಟ್ಟಾರು ಎಂಬ ಭಯಕ್ಕೆ ಹಾಕಿದ್ದು ಅದು. ಬ್ರೋಕರಿಗೆ ಬೇಕಾದವರು ಈ ಯಜಮಾನರೇ. ಪೇಪರಿನೊಳಗಿನ ಪಾಂಪ್ಲೆಟ್ಟು ಯಲಹಂಕದಲ್ಲಿ ಹತ್ತು ಸಾವಿರ ಹಂಚಿದರೂ ಅವರಿಗೆ ಮುಟ್ಟದು. ಕ್ರಯಪತ್ರದಲ್ಲಿ ಇಲ್ಲಿನ ವಿಳಾಸವಿದ್ದರೆ ಅದಕ್ಕೆ ‘ಸಾರ್, ತಮ್ಮ ಸೈಟಿಗೆ ಒಳ್ಳೆ ಪಾರ್ಟಿ ಇದ್ದಾರೆ’ ಎಂದು ಕೈಯಲ್ಲಿ ಬರೆದ ಐವತ್ತು ಪೈಸೆಯ ಕಾರ್ಡು ಮುಟ್ಟೀತು. ಇದು ನನ್ನ ಲೆಕ್ಕ. ಒಂದೇ ತೊಡಕು, ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಖಾಲಿ ಸೈಟಿನ ಸಮಾಚಾರ ಇನ್‌ಲ್ಯಾಂಡ್ ಲೆಟರಿನಲ್ಲಿ ಹೋಗುವುದೇ ವಾಸಿ.

ಬೇರೆ ದಾರಿಗಳೂ ಮುಚ್ಚುತ್ತಾ ಬಂದಿವೆ. ‘ಡಿಎನ್‌ಡಿ’ ಹಾಕಿಸಿದವರಿಗೆ ಮಾರಾಟದ ಫೋನು ಮಾಡುವಂತಿಲ್ಲ (ಮಾಡುತ್ತಾರೆ, ಆ ಮಾತು ಬೇರೆ). 2018ರ ಆಗಸ್ಟಿನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಫ್ಲೆಕ್ಸುಗಳು ರಾತ್ರೋರಾತ್ರಿ ಇಳಿದವು. ಯಶವಂತಪುರ, ಹೆಬ್ಬಾಳದ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಪಾಂಪ್ಲೆಟ್ ಹುಡುಗನನ್ನು ಸೆಕ್ಯುರಿಟಿಯವರು ಗೇಟಿನಲ್ಲೇ ತಡೆಯುತ್ತಾರೆ, ಪೋಸ್ಟ್‌ಮನ್ನರನ್ನು ತಡೆಯುವುದಿಲ್ಲ.

ಕಾಗದಕ್ಕೆ ಹೊಸ ತೂಕ ಕೊಟ್ಟದ್ದು ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ಕಾಯ್ದೆಯ ವ್ಯಾಪ್ತಿಗೆ ಬರುವ ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಜಾಹೀರಾತಿನ ಸುಳ್ಳು ನಂಬಿ ದುಡ್ಡು ಕಟ್ಟಿ ನಷ್ಟವಾದರೆ 12ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಹಾಗಾಗಿ ಸೈಟಿಗೆ ಅಡ್ವಾನ್ಸ್ ಕೊಟ್ಟವರು ಆ ಪಾಂಪ್ಲೆಟ್ಟನ್ನು ರದ್ದಿಗೆ ಹಾಕಬಾರದು, ರಸೀದಿಯ ಜೊತೆಗೇ ಇಡಬೇಕು.

ಆ ನೋಂದಣಿ ಸಂಖ್ಯೆಯನ್ನೊಮ್ಮೆ ಓದಿಯೂ ನೋಡಿ. ನಡುವೆ 1251 ಎಂದಿದ್ದರೆ ಬೆಂಗಳೂರು ನಗರ ಜಿಲ್ಲೆ, 1250 ಎಂದಿದ್ದರೆ ಗ್ರಾಮಾಂತರ. ಮೇಲೆ ದಪ್ಪಕ್ಷರದಲ್ಲಿ ‘ನಾರ್ತ್ ಬೆಂಗಳೂರು’ ಎಂದಿರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ 1250. ಈ ಅಂತರಕ್ಕೆ ನಗುತ್ತಿದ್ದೆವು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರ ಎಂದು ಬದಲಿಸಲು ತೀರ್ಮಾನಿಸಿತು. ಪಾಂಪ್ಲೆಟ್ಟಿನವರು ಸರ್ಕಾರಕ್ಕಿಂತ ಎಷ್ಟೋ ಮುಂಚೆಯೇ ಆ ಹೆಸರಿಟ್ಟುಬಿಟ್ಟಿದ್ದರು.