ನಿಮಗಿದು ಗೊತ್ತೇ? ನೆಲದ ಮೊಟ್ಟೆಗೆ ನೆಲದ್ದೇ ಬಣ್ಣ

ಟಿಟ್ಟಿಭದ ಗೂಡೆಂದರೆ ಬಯಲಲ್ಲಿ ಒಂದು ಸಣ್ಣ ಗುಳಿ, ಅಷ್ಟೇ. ಒಣಗಿದ ಕೆರೆಯಂಗಳದಲ್ಲೋ ಬೀಳುಬಿಟ್ಟ ಹೊಲದಲ್ಲೋ ನೆಲ ಕೆದರಿ, ಸುತ್ತ ಹರಳುಕಲ್ಲು, ಆಡಿನ ಹಿಕ್ಕೆ ಸೇರಿಸಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ನಾಲ್ಕರ ಚೂಪು ತುದಿಯೂ ಒಳಮುಖ. ಮಣ್ಣುಬಣ್ಣದ ಮೇಲೆ ಕಪ್ಪು-ಕಂದು ಮಚ್ಚೆ ಚೆಲ್ಲಿದ ಆ ಮೊಟ್ಟೆಗಳು ಎರಡು ಹೆಜ್ಜೆ ದೂರದಿಂದಲೂ ಕಲ್ಲಿನಂತೆಯೇ ಕಾಣುತ್ತವೆ. ಪಂಚತಂತ್ರದ ಟಿಟ್ಟಿಭ ತನ್ನ ಮೊಟ್ಟೆಗಳಿಗಾಗಿ ಸಮುದ್ರದೊಂದಿಗೇ ಜಗಳಕ್ಕಿಳಿಯಿತು. ನಿಜವಾದ ಟಿಟ್ಟಿಭದ ಜಗಳ ಕಾಗೆ, ಮುಂಗುಸಿ, ನಾಯಿಗಳ ಜೊತೆ.

ಹಕ್ಕಿಮೊಟ್ಟೆಗಳ ಇಷ್ಟೊಂದು ಬಣ್ಣಗಳ ಹಿಂದೆ ಇರುವುದು ಬಹುಮಟ್ಟಿಗೆ ಎರಡೇ ವರ್ಣದ್ರವ್ಯ ಎಂಬುದು ಗೊತ್ತೇ? ಕೆಂಗಂದು ಬಣ್ಣದ ಪ್ರೋಟೋಪಾರ್ಫಿರಿನ್ ಒಂದು, ನೀಲಿ-ಹಸಿರಿನ ಬಿಲಿವರ್ಡಿನ್ ಇನ್ನೊಂದು. ಎರಡೂ ರಕ್ತಕ್ಕೆ ಕೆಂಪು ಕೊಡುವ ಹೀಮ್‌ಗೆ ನೆಂಟರು. ಮೊದಲನೆಯದು ಹೀಮ್ ತಯಾರಾಗುವ ಹಾದಿಯಲ್ಲಿ ಸಿಗುತ್ತದೆ, ಎರಡನೆಯದು ಹೀಮ್ ಒಡೆದಾಗ. ಎರಡೂ ಇಲ್ಲದಿದ್ದರೆ ಸುಣ್ಣದ ಚಿಪ್ಪಿನ ಸಹಜ ಬಿಳಿ ಉಳಿಯುತ್ತದೆ.

ತಾಯಿಯ ಹೊಟ್ಟೆಯೊಳಗೆ ಬಣ್ಣ ಬೀಳುವ ಹೊತ್ತಿಗೆ ಮೊಟ್ಟೆ ಅಲುಗಾಡದಿದ್ದರೆ ಚುಕ್ಕೆ; ತಿರುಗುತ್ತಿದ್ದರೆ ಗೀಟು.

ಕಂದು ಬಣ್ಣದ ಕೋಳಿಮೊಟ್ಟೆ ಒಡೆದು ಚಿಪ್ಪಿನ ಒಳಮೈ ನೋಡಿ, ಬಿಳಿ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಈ ಬಿಳಿಯೇ ಕಂಟಕ. ಕಪ್ಪುತಲೆಯ ಗಲ್ ಹಕ್ಕಿ ಮರಿಯೊಡೆದ ಮೇಲೆ ಖಾಲಿ ಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಒಯ್ದು ಎಸೆಯುತ್ತದೆ. ಏಕೆಂದು ತಿಳಿಯಲು ನಿಕೊ ಟಿನ್‌ಬರ್ಗನ್ ಮತ್ತು ಸಂಗಡಿಗರು ಇಂಗ್ಲೆಂಡಿನ ರೇವನ್‌ಗ್ಲಾಸ್ ಕರಾವಳಿಯ ಮರಳುದಿಬ್ಬಗಳಲ್ಲಿ ಪ್ರಯೋಗ ನಡೆಸಿದರು. ಪಕ್ಕದಲ್ಲಿ ಒಡೆದ ಚಿಪ್ಪು ಬಿದ್ದಿದ್ದ ಮೊಟ್ಟೆಗಳು ಹೆಚ್ಚು ಕಾಗೆಗಳ ಪಾಲಾದವು. ಚಿಪ್ಪು ದೂರವಿದ್ದಷ್ಟೂ ಮೊಟ್ಟೆಗೆ ಅಪಾಯ ಕಡಿಮೆ. ಆದರೂ ತಾಯಿ ಕೂಡಲೇ ಚಿಪ್ಪೆತ್ತಿಕೊಂಡು ಹೊರಡುವುದಿಲ್ಲ. ಮೈ ಒಣಗದ ಮರಿಯನ್ನು ಪಕ್ಕದ ಗಲ್ ಹಕ್ಕಿಗಳೇ ನುಂಗಿಬಿಡುತ್ತವೆ, ಆದ್ದರಿಂದ ಮರಿ ಒಣಗುವ ತನಕ ಕಾಯುತ್ತದೆ. ಇದು ಪ್ರಕಟವಾದದ್ದು 1962ರಲ್ಲಿ. 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಟಿನ್‌ಬರ್ಗನ್ ಒಬ್ಬರು.

ನೆಲದ ಮೇಲೆ ಮೊಟ್ಟೆಯಿಡುವ ಎಲ್ಲ ಹಕ್ಕಿಗೂ ಮೊಟ್ಟೆಯ ಬಣ್ಣವೇ ಕಾವಲೇ? ಅಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲೇ ಅತ್ಯಂತ ಸೊಗಸಾದ ಸಂಗತಿ ಇದು. ಆಫ್ರಿಕಾದ ಜಾಂಬಿಯಾದಲ್ಲಿ ಸಂಶೋಧಕರು ನತ್ತಿಂಗ, ಪ್ಲವರ್, ಕೋರ್ಸರ್ ಹಕ್ಕಿಗಳ ಗೂಡುಗಳನ್ನು ಚಿತ್ರೀಕರಿಸಿ, ಬೇಟೆಯಾಡುವ ಪ್ರಾಣಿಗಳ ಕಣ್ಣಿಗೆ ಅವು ಹೇಗೆ ಕಾಣುತ್ತವೆಂದು ಲೆಕ್ಕ ಹಾಕಿದರು. 2016ರಲ್ಲಿ ಫಲಿತಾಂಶ ಬಂತು. ಶತ್ರುವನ್ನು ದೂರದಿಂದಲೇ ಕಂಡು ಎದ್ದು ಓಡುವ ಪ್ಲವರ್, ಕೋರ್ಸರ್‌ಗಳಲ್ಲಿ ಗೂಡು ಉಳಿಯುವುದು ಮೊಟ್ಟೆ ನೆಲಕ್ಕೆ ಎಷ್ಟು ಹೊಂದುತ್ತದೆ ಎಂಬುದರ ಮೇಲೆ. ನತ್ತಿಂಗ ಹಾಗಲ್ಲ, ಕಾಲಡಿಗೆ ಸಿಗುವಷ್ಟು ಹತ್ತಿರ ಬಂದರೂ ಕದಲದೆ ಕೂರುತ್ತದೆ. ಅದರ ಮೊಟ್ಟೆ ಉಳಿಯುವುದು ತಾಯಿಯ ಗರಿಬಣ್ಣ ನೆಲಕ್ಕೆ ಎಷ್ಟು ಹೊಂದುತ್ತದೆ ಎಂಬುದರ ಮೇಲೆ. ಓಡುವ ತಾಯಿಗೆ ಮೊಟ್ಟೆಯ ವೇಷ, ಕೂರುವ ತಾಯಿಗೆ ಮೈಯ ವೇಷ.

ಜಪಾನಿ ಲಾವಕ್ಕಿಗಳ ಮೊಟ್ಟೆ ಒಂದೊಂದು ತಾಯಿಗೂ ಬೇರೆ. ಕೆಲವಕ್ಕೆ ದಟ್ಟ ಮಚ್ಚೆ, ಕೆಲವಕ್ಕೆ ವಿರಳ. ಬೇರೆ ಬೇರೆ ಬಣ್ಣದ ಮರಳಿನ ತಾಣಗಳನ್ನು ಮುಂದಿಟ್ಟಾಗ ಹೆಚ್ಚಿನವು ತಮ್ಮ ಮೊಟ್ಟೆ ಅಡಗುವ ತಾಣವನ್ನೇ ಆರಿಸಿಕೊಂಡವು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದ ಮೇಲೆ ಲಾವಕ್ಕಿಯನ್ನು ದಡ್ಡ ಹಕ್ಕಿ ಎನ್ನಲು ಮನಸ್ಸು ಬಾರದು.

ಹಾಗಾದರೆ ಉಷ್ಟ್ರಪಕ್ಷಿ? ಬಟಾಬಯಲಲ್ಲಿ ಎದ್ದು ಕಾಣುವ ತಿಳಿಬಣ್ಣದ ಮೊಟ್ಟೆ ಇಡುತ್ತದೆ, ಬಿಳಿ ರಣಹದ್ದು ಕಲ್ಲೆಸೆದು ಅದನ್ನು ಒಡೆದು ತಿನ್ನುವುದೂ ಉಂಟು. ಕಾರಣ ಬಿಸಿಲು. 1981ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಂದು ಬಣ್ಣ ಬಳಿದ ಉಷ್ಟ್ರಪಕ್ಷಿ ಮೊಟ್ಟೆಗಳು ಬಿಸಿಲಲ್ಲಿ ಹೆಚ್ಚು ಕಾದವು. ಕಾವು ಕೂರುವ ಮೊದಲು ದಿನಗಟ್ಟಲೆ ತೆರೆದಿರುವ ಮೊಟ್ಟೆಗೆ ಆ ಬಿಸಿ ಮಾರಕ.

ಟಿಟ್ಟಿಭದ ಕಡುಬಣ್ಣದ ಮೊಟ್ಟೆ ಮತ್ತೆ ಬೇಯುವುದಿಲ್ಲವೇ? ಮೊಟ್ಟೆಯ ವರ್ಣದ್ರವ್ಯಗಳು ಕಣ್ಣಿಗೆ ಕಾಣುವ ಬೆಳಕನ್ನು ಹೀರಿದರೂ, ಬಿಸಿಲಿನ ಶಾಖದ ದೊಡ್ಡ ಪಾಲಾದ ಸಮೀಪದ ಅತಿಗೆಂಪು ಕಿರಣಗಳನ್ನು ಹಿಂದಕ್ಕೆ ಕಳಿಸುತ್ತವೆ. 1978ರಲ್ಲೇ ಇದು ತಿಳಿದಿತ್ತು. ಅದೂ ಸಾಲದಾದಾಗ ಟಿಟ್ಟಿಭ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ.

ಕಳ್ಳಿಪೀರವೂ ಮಣ್ಣಿನಲ್ಲೇ ಮೊಟ್ಟೆಯಿಡುತ್ತದೆ, ಆದರೆ ಬಿಲ ಕೊರೆದು ಒಳಗೆ. ಬಣ್ಣ ನೋಡಲು ಅಲ್ಲಿ ಬೆಳಕೇ ಇಲ್ಲ. ಮೊಟ್ಟೆ ಅಚ್ಚ ಬಿಳಿ. ಮಿಂಚುಳ್ಳಿಯದೂ ಹಾಗೆಯೇ.

ಬಣ್ಣದ ಮೊಟ್ಟೆಯನ್ನು ಮೊದಲು ಇಟ್ಟದ್ದು ಹಕ್ಕಿಗಳಲ್ಲ, ಡೈನೋಸಾರ್‌ಗಳು! ಚೀನಾದಲ್ಲಿ ದೊರೆತ ಹೆಯುವಾನಿಯಾ ಎಂಬ ಡೈನೋಸಾರಿನ ಪಳೆಯುಳಿಕೆ ಮೊಟ್ಟೆಗಳಲ್ಲಿ ಇದೇ ಎರಡು ವರ್ಣದ್ರವ್ಯಗಳು ಪತ್ತೆಯಾದವು. ಅವು ನೀಲಿ-ಹಸಿರು ಮೊಟ್ಟೆಗಳು.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲುಗಳಲ್ಲಿ ಕಾಣಿಸಿಕೊಂಡ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿನೆಲದಲ್ಲಿ. ಮಬ್ಬು ಮಚ್ಚೆಯ ಆ ಮೊಟ್ಟೆ ಕಾಗೆಯ ಕಣ್ಣು ತಪ್ಪಿಸಬಲ್ಲದು. ಆದರೆ ಬೀದಿನಾಯಿ ಹುಡುಕುವುದು ಮೂಗಿನಿಂದ, ಟ್ರ್ಯಾಕ್ಟರಿನ ಗಾಲಿ ಹುಡುಕುವುದೇ ಇಲ್ಲ.