ಸಾಕುಮೊಲಕ್ಕೆ ಬೀಜ ತೆಗೆಸುವಾಗ ಉಪವಾಸ ಕೆಡವಬೇಡಿ

ಮಕ್ಕಳ ಆಸೆಗೆಂದು ತಂದ ಜೋಡಿ ಮೊಲ ವರ್ಷದೊಳಗೆ ಮನೆ ತುಂಬುತ್ತವೆ. ಹೆಣ್ಣು ಗಬ್ಬ ಹೊರುವುದು ಸುಮಾರು 31 ದಿನ. ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಮರಿ ಬೇಡವೆನ್ನುವವರಿಗೆ ಗಂಡಿನ ಬೀಜ ತೆಗೆಸುವುದೇ ಸುಲಭ ದಾರಿ. 4 ತಿಂಗಳ ಹೊತ್ತಿಗೆ ಬೀಜ ಚೀಲಕ್ಕೆ ಇಳಿದಿರುತ್ತದೆ.

ಹೋರಿಗೆ ಹಾಕುವಂತೆ ಇಕ್ಕಳ ಹಾಕುವುದಾಗಲಿ, ಮನೆಯಲ್ಲೇ ಬ್ಲೇಡು ಹಿಡಿಯುವುದಾಗಲಿ ಕೂಡದು. ಮೊಲದ ಹೊಟ್ಟೆಯಿಂದ ಬೀಜದ ಚೀಲಕ್ಕೆ ಹೋಗುವ ದಾರಿ ಜೀವಮಾನವಿಡೀ ತೆರೆದಿರುತ್ತದೆ. ಸರಿಯಾಗಿ ಕಟ್ಟದಿದ್ದರೆ ಕರುಳು ಹೊರಬಂದೀತು. ಅರಿವಳಿಕೆ ಕೊಟ್ಟು ಪಶುವೈದ್ಯರೇ ಮಾಡಬೇಕು. ಮೊಲಕ್ಕೆ ಅರಿವಳಿಕೆ ಕೊಟ್ಟ ರೂಢಿಯಿದೆಯೇ ಎಂದು ಮೊದಲೇ ವಿಚಾರಿಸಿ, ಸಂಕೋಚ ಬೇಡ.

ನಾಯಿಗಾದರೆ ಹಿಂದಿನ ರಾತ್ರಿ ಊಟ ನಿಲ್ಲಿಸುತ್ತಾರೆ. ಮೊಲಕ್ಕೆ ಹಾಗೆ ಮಾಡಬಾರದು. ಅದಕ್ಕೆ ವಾಂತಿಯೇ ಆಗದು. ಹಸಿದಿದ್ದರೆ ಕರುಳಿನ ಚಲನೆ ನಿಂತು ಪ್ರಾಣಕ್ಕೇ ಕುತ್ತು. ಹೊರಡುವವರೆಗೂ ಹುಲ್ಲು ಮುಂದಿರಲಿ, ಬುಟ್ಟಿಯಲ್ಲೂ ಒಂದು ಹಿಡಿ ಇಟ್ಟುಕೊಳ್ಳಿ. ನೋವಿನ ಔಷಧವನ್ನು ಕೇಳಿ ಪಡೆಯಿರಿ. ನೋವಾದರೆ ಮೊಲ ಕೂಗುವುದಿಲ್ಲ, ಮೇವು ಬಿಡುತ್ತದೆ ಅಷ್ಟೆ. ಅರ್ಧ ದಿನವಾದರೂ ತಿನ್ನದೆ, ಹಿಕ್ಕೆ ಹಾಕದೆ ಕುಳಿತರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ.

ಬೀಜ ತೆಗೆಸಿದ ಮೇಲೂ 4ರಿಂದ 6 ವಾರ ಗಂಡಿನಿಂದ ಗಬ್ಬ ನಿಲ್ಲಬಹುದು. ಅಲ್ಲಿಯವರೆಗೆ ಅದನ್ನು ಬೇರೆ ಗೂಡಿನಲ್ಲಿಡಿ.